ಮೊದಲು ಕ್ಯಾಲೆಂಡರ್

ನನ್ನ ಗಂಡ ಹೋದ ಮೇಲೆ ಅವನ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಬಸ್ ಕಂಪನಿಯ ವೇಳಾಪಟ್ಟಿ ವಿಭಾಗದ ಮ್ಯಾನೇಜರ್ ಮನೆಗೆ ಬಂದು, ಕೊಟ್ಟ ಕಾಫಿಯನ್ನು ಆರಲು ಬಿಟ್ಟು, "ನಿಮ್ಮ ಮನೆಯವರ ಕೆಲಸ ನಿಮಗೆ ಗೊತ್ತಿಲ್ದೆ ಇರುತ್ತಾ ಮೇಡಂ" ಎಂದರು. ಅವರ ಹೆಂಡತಿ ದಂತವೈದ್ಯೆ. ಮ್ಯಾನೇಜರ್ ಯಾರ ಹಲ್ಲನ್ನೂ ಕಿತ್ತ ಸುದ್ದಿ ನನಗಂತೂ ಬಂದಿಲ್ಲ. ಆದರೆ ಆ ದಿನಗಳಲ್ಲಿ ನಾನು ಯಾರಿಗೂ ಏನೂ ಹೇಳುತ್ತಿರಲಿಲ್ಲ. ಸುಮ್ಮನಿದ್ದುದನ್ನು ಅವರು ಒಪ್ಪಿಗೆ ಎಂದುಕೊಂಡರು.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ತರ್ಕಶಾಸ್ತ್ರ. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ ಎಂಬುದರ ಮೇಲೆ ಪ್ರಬಂಧ ಬರೆದು ಪದಕ ಪಡೆದವಳು. ಪದಕ ಈಗ ಅತ್ತೆಯ ಬೀರುವಿನಲ್ಲಿದೆ. ಬಾಗಿಲು ತಾನಾಗಿ ತೆರೆದುಕೊಳ್ಳದಿರಲಿ ಎಂದು ಸಂದಿಗೆ ಸಿಕ್ಕಿಸಿದ್ದಾರೆ.

ಕಚೇರಿ ಇರುವುದು ಡಿಪೋದ ಮೇಲಿನ ಮಹಡಿಯಲ್ಲಿ. ಕೆಳಗೆ ಬಸ್ಸು ಸ್ಟಾರ್ಟ್ ಆದರೆ ಮೇಲೆ ಮೇಜಿನ ಮೇಲಿನ ಪೆನ್ನು ನಡುಗಿ ಅಂಚಿನ ಕಡೆ ಸರಿಯುತ್ತದೆ. ಎದುರಿನ ಮೇಜಿನಲ್ಲಿ ಪಾಳಿ ಅಕ್ಕ. ಯಾವ ಡ್ರೈವರಿಗೆ ಯಾವ ಪಾಳಿ ಎಂದು ಹಂಚುವವರು. ಹಂಚಿ ಹಂಚಿ ಗಂಟಲು ಗಡುಸಾಗಿದೆ, ಮನಸ್ಸು ಇನ್ನೂ ಆಗಿಲ್ಲ. ಕಿಟಕಿಯ ಪಕ್ಕ ನಕ್ಷೆಯವನು. ಬಸ್ಸಿನ ದಾರಿಗಳಿಗೆ ಬಣ್ಣ ಕೊಡುವುದು ಅವನ ಕೆಲಸ. ಊರಿನ ಜನ ಬಸ್ಸು ಹತ್ತುವುದೇ ಆ ಬಣ್ಣಗಳನ್ನು ನೋಡಿ ಎಂದು ನಂಬಿದ್ದಾನೆ.

ನನ್ನ ಕೆಲಸ ಪ್ರತಿದಿನ ಮಧ್ಯಾಹ್ನದೊಳಗೆ ಮರುದಿನದ ವೇಳಾಪಟ್ಟಿ ತೆಗೆಯುವುದು. ಅದು ಕೆಳಗೆ ಡಿಪೋಗೂ ಹೊರಗೆ ನಿಲ್ದಾಣಗಳಿಗೂ ಹೋಗಬೇಕು. ತೆಗೆಯಬೇಕಾದದ್ದು ಟರ್ಮಿನಲ್‌ನಲ್ಲಿ. ಟರ್ಮಿನಲ್ ಎಂದರೆ ಚಿತ್ರವಿಲ್ಲ, ಬಟನ್ ಇಲ್ಲ, ಬರೀ ಕಪ್ಪು ಪರದೆ. ಅದರಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಕಂಪ್ಯೂಟರ್ ಆ ಕೆಲಸ ಮಾಡುತ್ತದೆ. ಒಂದು ಚುಕ್ಕೆ ತಪ್ಪಿದರೆ ಮಾಡುವುದಿಲ್ಲ, ಏಕೆಂದು ಸರಿಯಾಗಿ ಹೇಳುವುದೂ ಇಲ್ಲ.

ಮೊದಲ ದಿನ ಅದರ ಮುಂದೆ ಕೂತಾಗ ಅದು ಪಾಸ್‌ವರ್ಡ್ ಕೇಳಿತು. ಪಾಳಿ ಅಕ್ಕ ಕೂತಲ್ಲಿಂದಲೇ ಹೇಳಿದರು. ನಮ್ಮ ಮನೆಗೆ ಹಾಲು ಹಾಕುವವನ ಫೋನ್ ನಂಬರ್. ಇಡೀ ಕಚೇರಿಗೆ ಗೊತ್ತಿತ್ತು. ಒಳಗೆ ಹೋದೆ. ಬಿಳಿ ಗೀಟೊಂದು ಮಿಟುಕುತ್ತಾ ನಿಂತಿತ್ತು. ಮ್ಯಾನೇಜರ್ ನನ್ನ ಬೆನ್ನ ಹಿಂದೆ ನಿಂತಿದ್ದರು. ಏನಾದರೂ ಮಾಡಬೇಕಲ್ಲ ಎಂದು, ಮೇಲಕ್ಕೆ ಬಾಣದ ಗುರುತಿದ್ದ ಕೀ ಒತ್ತಿದೆ. ನನ್ನ ಗಂಡ ಕೊನೆಯ ಸಲ ಟೈಪ್ ಮಾಡಿದ್ದ ಸಾಲು ಎದ್ದುಬಂತು. ಇನ್ನೊಮ್ಮೆ ಒತ್ತಿದೆ. ಅದರ ಹಿಂದಿನದು ಬಂತು. ಒತ್ತುತ್ತಾ ಹೋದಂತೆ ಅವನು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದ, ಜ್ವರ ಬರುವ ಮುಂಚಿನ ವಾರಕ್ಕೆ, ಅದಕ್ಕೂ ಮುಂಚಿನ ವಾರಕ್ಕೆ.

ವೇಳಾಪಟ್ಟಿ ತೆಗೆಯುವ ಸಾಲು ಉದ್ದನೆಯದು. ಅದರಲ್ಲಿ ಡಿಪೋ, ತಾರೀಖು, ಓರೆಗೀಟು, ಅಡ್ಡಗೀಟು ಎಲ್ಲ ಇದ್ದವು. ಅದಕ್ಕೆ ಮುಂಚೆ ಪ್ರತಿಸಲವೂ ಒಂದು ಗಿಡ್ಡ ಸಾಲು. ಇಂಗ್ಲಿಷಿನ ಮೂರಕ್ಷರ, ಬರೀ ಕ್ಯಾಲ್. ಅದಕ್ಕೆ ಎಂಟರ್ ಒತ್ತಿದರೆ ಆ ತಿಂಗಳ ಕ್ಯಾಲೆಂಡರ್ ಪರದೆಯ ಮೇಲೆ ಮೂಡುತ್ತದೆ. ಮೊದಲು ಗಿಡ್ಡದು, ಆಮೇಲೆ ಉದ್ದದ್ದು, ಆಮೇಲೆ ವೇಳಾಪಟ್ಟಿ. ಒಂದು ದಿನವೂ ತಪ್ಪಿರಲಿಲ್ಲ. ತಾರೀಖು ಗೊತ್ತಿಲ್ಲದೆ ಯಂತ್ರ ತಾನೇ ಏನು ಮಾಡೀತು ಎಂದುಕೊಂಡು ನಾನೂ ಮೊದಲು ಕ್ಯಾಲೆಂಡರ್ ತರಿಸಿದೆ, ಅದನ್ನು ನೋಡದೆ ದಾಟಿದೆ, ಉದ್ದನೆಯ ಸಾಲಿನಲ್ಲಿ ತಾರೀಖು ತಿದ್ದಿ ಎಂಟರ್ ಒತ್ತಿದೆ. ಪ್ರಿಂಟರ್ ಗೊರಗುಟ್ಟಿತು.

"ನಾನು ಹೇಳ್ಲಿಲ್ವಾ" ಎಂದರು ಮ್ಯಾನೇಜರ್, ಯಾರಿಗೋ.

ಅಂದಿನಿಂದ ನನ್ನ ಕೆಲಸವೆಲ್ಲ ಆ ಬಾಣದ ಕೀಯಲ್ಲಿತ್ತು. ಮಳೆಗಾಲದ ಬದಲಾವಣೆಯೋ, ರಜಾದಿನದ ವೇಳಾಪಟ್ಟಿಯೋ, ಏನೇ ಬಂದರೂ ಅವನು ಎಂದಾದರೂ ಮಾಡಿರುತ್ತಿದ್ದ. ಹಿಂದಕ್ಕೆ ಹೋಗಿ ಹುಡುಕಿದರೆ ಸಿಗುತ್ತಿತ್ತು. ಹಾಗೆ ಹುಡುಕುವಾಗ ನಾನು ಯೋಚಿಸುತ್ತಿದ್ದೇನೆ ಎಂದು ಎಲ್ಲರೂ ತಿಳಿದಿದ್ದರು. ಮಾತಾಡದವಳು, ತಡವರಿಸದೆ ಎಂಟರ್ ಒತ್ತುವವಳು, ತಪ್ಪು ಮಾಡದವಳು. ಕೆಲವೇ ತಿಂಗಳಲ್ಲಿ ನಾನು ಆ ಮಹಡಿಯ ಟರ್ಮಿನಲ್ ಪಂಡಿತೆಯಾದೆ.

ಮ್ಯಾನೇಜರ್ ಪಾಠ ಕಲಿತಿದ್ದರು. "ಒಬ್ಬರಿಗೇ ಗೊತ್ತಿದ್ರೆ ಕಷ್ಟ. ನಾಳೆ ನಿಮಗೇ ಏನಾದ್ರೂ..." ಎಂದು ಶುರುಮಾಡಿ, ಕೆಮ್ಮಿ, "ಅಂದ್ರೆ, ರಜಾ ಗಿಜಾ ಹಾಕಿದ್ರೆ" ಎಂದು ಮುಗಿಸಿದರು. ಪಾಳಿ ಅಕ್ಕನಿಗೂ ನಕ್ಷೆಯವನಿಗೂ ಅವರವರ ಮೇಜಿನ ಟರ್ಮಿನಲ್‌ನಲ್ಲಿ ನಾನೇ ಕಲಿಸಬೇಕಾಯಿತು. ಮೊದಲ ಪಾಠ, ಮೊದಲು ಕ್ಯಾಲೆಂಡರ್. ಅದನ್ನು ಮ್ಯಾನೇಜರ್ ದಪ್ಪ ಅಕ್ಷರದಲ್ಲಿ ಮುದ್ರಿಸಿ, ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಅಂಟಿಸಿದರು. ಪಕ್ಕದಲ್ಲಿ ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬ ಸೂಚನೆ ಇತ್ತು. ಎರಡೂ ಒಂದೇ ಅಳತೆ.

ಹೀಗಿರುವಾಗ ಮುಂದಿನ ಸೋಮವಾರ ಹೊಸ ಕಂಪ್ಯೂಟರ್‌ಗಳು ಬರುತ್ತವೆ ಎಂಬ ಸುದ್ದಿ ಬಂತು. ಅದನ್ನು ತಂದವನು ಹೊರಗಿನ ಕಂಪನಿಯ ತಂತ್ರಜ್ಞ. ಕೊರಳಿಗೆ ದಾರದಲ್ಲಿ ಪೆನ್‌ಡ್ರೈವ್‌ಗಳ ಗೊಂಚಲು ತೂಗುಹಾಕಿಕೊಂಡಿದ್ದ. ಪಾಳಿ ಅಕ್ಕ ಅವನು ಮೆಟ್ಟಿಲು ಹತ್ತುವಷ್ಟರಲ್ಲೇ "ಪೆನ್‌ಡ್ರೈವ್ ಬಂದ" ಎಂದರು. ಹೆಸರು ಹಾಗೇ ಉಳಿಯಿತು.

"ನಿಮ್ಮ ಹಳೇ ಟರ್ಮಿನಲ್ ಹೊಸ ಮಷೀನ್‌ನಲ್ಲಿ ನಡೆಯಲ್ಲ" ಎಂದ ಪೆನ್‌ಡ್ರೈವ್. "ಅದನ್ನ ಮಾಡಿದವರೇ ಕೈಬಿಟ್ಟಿದ್ದಾರೆ. ಬೇರೆ ಮೂರು ತಂದಿದ್ದೀನಿ. ನೋಡಿ, ಒಂದು ಆರಿಸ್ಕೊಳ್ಳಿ. ಎಲ್ಲರಿಗೂ ಒಂದೇ ಇರ್ಬೇಕು, ತಲೆಗೊಂದು ಬೇಡ."

"ಮೇಡಂ ಹೇಳಿದ್ದೇ ಫೈನಲ್" ಎಂದರು ಮ್ಯಾನೇಜರ್.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಯೋಚಿಸುತ್ತಿದ್ದದ್ದು ಒಂದೇ. ಹೊಸದರಲ್ಲಿ ಬಾಣದ ಕೀ ಒತ್ತಿದರೆ ಅವನು ಬರುತ್ತಾನೋ ಇಲ್ಲವೋ. ಬರದಿದ್ದರೆ ಸೋಮವಾರ ಮಧ್ಯಾಹ್ನದೊಳಗೆ ನಾನು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಕುರ್ಚಿ ಹೋಗುತ್ತದೆ. ಕುರ್ಚಿ ಹೋದರೆ ಇನ್ನೊಂದು ಸಿಕ್ಕೀತು. ಹಿಂದಕ್ಕೆ ಹೋಗಲು ನನಗೆ ಇದ್ದ ದಾರಿ ಆ ಬಾಣವೊಂದೇ.

ಸಾಲುಗಳನ್ನು ಬರೆದಿಟ್ಟುಕೊಳ್ಳಬಹುದಿತ್ತು. ಬುದ್ಧಿ ಇದ್ದವರು ಅದನ್ನೇ ಮಾಡುತ್ತಿದ್ದರು. ಪೆನ್ನು ಹಿಡಿದಾಗಲೆಲ್ಲ ಅವನಿಂದ ಚಾರ್ಜ್ ತೆಗೆದುಕೊಳ್ಳುತ್ತಿದ್ದೇನೆ ಅನಿಸುತ್ತಿತ್ತು. ಪೆನ್ನು ಇಡುತ್ತಿದ್ದೆ. ಕೆಳಗೆ ಬಸ್ಸು ಹೊರಡುತ್ತಿತ್ತು, ಪೆನ್ನು ಅಂಚಿಗೆ ಸರಿಯುತ್ತಿತ್ತು.

ಸಂಜೆ ಅತ್ತೆಗೆ ಹೇಳಿದೆ. ಅಡುಗೆಮನೆಯ ಮೇಜಿನ ಮುಂದೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು. ಮಗನ ಮಾತು ಬಂದರೆ ಅವರಿಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

"ಆಫೀಸಲ್ಲಿ ಕಂಪ್ಯೂಟರ್ ಬದಲಾಯಿಸ್ತಾರಂತೆ ಅತ್ತೆ."

"ಯಾರದ್ದು?"

"ಎಲ್ಲರದ್ದೂ. ಅವನದ್ದೂ."

"ಅವನದ್ದು ಅಂತ ಏನಿದೆ ಅದ್ರಲ್ಲಿ. ಕಂಪನಿಯದ್ದು." ಬೀನ್ಸ್ ಪಟ್ಟನೆ ಮುರಿದರು. "ಯಾವತ್ತು?"

"ಸೋಮವಾರ."

"ನಿನಗಾದ್ರೂ ವಾರ ಗೊತ್ತಿರುತ್ತೆ. ಅವನು ಭಾನುವಾರ ಬ್ಯಾಗ್ ಹಾಕ್ಕೊಂಡು ಸ್ಕೂಲಿಗೆ ಹೋಗೋನು. ಗೇಟಿಗೆ ಬೀಗ ನೋಡ್ಕೊಂಡು ವಾಪಸ್ ಬಂದು ನನ್ನ ಮೇಲೆ ರೇಗೋನು, ಯಾಕೆ ಹೇಳ್ಲಿಲ್ಲ ಅಂತ. ಊರಿಗೆಲ್ಲ ಬಸ್ಸಿನ ಟೈಮ್ ಹೇಳ್ತಾನಂತೆ."

ಅವರು ಇನ್ನೂ ಕೆಲವು ಸಲ ಹೀಗೆಯೇ ಹೇಳುತ್ತಾರೆ, ಹೇಳ್ತಾನಂತೆ ಎಂದು. ನಾನು ತಿದ್ದುವುದಿಲ್ಲ. ಮೊಂಡು ಚಾಕು ತೆಗೆದುಕೊಂಡು ನಾನೂ ಬೀನ್ಸ್‌ಗೆ ಕೂತೆ.

ಮರುದಿನ ಪೆನ್‌ಡ್ರೈವ್ ತನ್ನ ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟ. ಮೊದಲನೆಯ ಟರ್ಮಿನಲ್ ತೆರೆದ. ಅದು ಪಾರದರ್ಶಕ. ಅಕ್ಷರಗಳ ಹಿಂದೆ ಸಮುದ್ರತೀರದ ಚಿತ್ರ ಕಾಣುತ್ತಿತ್ತು. ನಕ್ಷೆಯವನು ಕುರ್ಚಿಯ ಸಮೇತ ಉರುಳಿಕೊಂಡು ಬಂದ.

"ಇದೇ, ಇದೇ. ಹಿಂದೆ ನನ್ನ ನಕ್ಷೆ ಹಾಕ್ಕೋಬಹುದು."

"ಆಮೇಲೆ ಅಕ್ಷರ ಯಾವುದು, ರಸ್ತೆ ಯಾವುದು ಅಂತ ಹೆಂಗಪ್ಪ ಗೊತ್ತಾಗೋದು?" ಎಂದರು ಪಾಳಿ ಅಕ್ಕ. "ನಿನ್ನ ಸ್ಟಾಪಲ್ಲಿ ನನ್ನ ಡ್ರೈವರ್ ಇಳಿದುಬಿಡ್ತಾನೆ."

ನಾನು ಬಾಣದ ಕೀ ಒತ್ತಿದೆ. ಏನೂ ಬರಲಿಲ್ಲ. ತಲೆ ಅಲ್ಲಾಡಿಸಿದೆ.

ಪೆನ್‌ಡ್ರೈವ್ ಹುಬ್ಬೇರಿಸಿದ. ಎರಡನೆಯದು ತೆರೆದ. ಅದು ಜಾಣ. ಒಂದಕ್ಷರ ಟೈಪ್ ಮಾಡಿದರೆ ಮುಂದಿನದ್ದನ್ನು ತಾನೇ ಊಹಿಸಿ ಬೂದು ಬಣ್ಣದಲ್ಲಿ ತೋರಿಸುತ್ತಿತ್ತು. ಗಂಡ ಹೋದ ಹೊಸದರಲ್ಲಿ ನನ್ನನ್ನು ನೋಡಲು ಬಂದ ನೆಂಟರು ಹಾಗೇ ಇದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮಾತನ್ನು ಅವರೇ ಮುಗಿಸಿ, ಅದಕ್ಕೆ ಸಮಾಧಾನವನ್ನೂ ಹೇಳಿ, ಕಾಫಿ ಕುಡಿಯುತ್ತಿದ್ದರು.

"ಇದು ನಂಗೆ ಆಗುತ್ತೆ" ಎಂದರು ಪಾಳಿ ಅಕ್ಕ. "ನಾನು ಹೇಳೋದೇ ಬೇಡ, ಅದೇ ತಿಳ್ಕೊಳ್ಳುತ್ತೆ. ನಮ್ಮ ಯಜಮಾನರು ಇಷ್ಟು ವರ್ಷದಲ್ಲಿ ಕಲೀಲಿಲ್ಲ."

ಬಾಣದ ಕೀ ಒತ್ತಿದೆ. ಖಾಲಿ. ತಲೆ ಅಲ್ಲಾಡಿಸಿದೆ.

"ಮೇಡಂ ಏನನ್ನ ಪರೀಕ್ಷೆ ಮಾಡ್ತಿದ್ದಾರೆ?" ಎಂದು ಪೆನ್‌ಡ್ರೈವ್ ಮ್ಯಾನೇಜರರನ್ನು ಮೆಲ್ಲಗೆ ಕೇಳಿದ.

"ಅದು ನಮ್ಮಂಥವರಿಗೆ ಗೊತ್ತಾಗಲ್ಲ" ಎಂದರು ಮ್ಯಾನೇಜರ್, ಅವನಿಗಿಂತ ಮೆಲ್ಲಗೆ.

ಮೂರನೆಯದು ಕಪ್ಪು ಪರದೆ, ಬಿಳಿ ಅಕ್ಷರ, ಮತ್ತೇನಿಲ್ಲ. ಬಾಣ ಒತ್ತಿದೆ. ಅದೂ ಖಾಲಿ. ಯಾರಿಗೂ ಕೇಳದಂತೆ ಇನ್ನೊಮ್ಮೆ ಒತ್ತಿದೆ.

ಆ ವಾರ ಕಚೇರಿ ಎರಡು ಪಕ್ಷವಾಯಿತು. ಪಾರದರ್ಶಕ ಪಕ್ಷಕ್ಕೆ ನಕ್ಷೆಯವನು, ಜಾಣ ಪಕ್ಷಕ್ಕೆ ಪಾಳಿ ಅಕ್ಕ. ಕೆಳಗಿನ ಡಿಪೋದಿಂದ ಮೆಕ್ಯಾನಿಕ್‌ಗಳೂ ಬಂದು ಬೆಂಬಲ ಕೊಟ್ಟು ಹೋದರು. ಅವರಲ್ಲಿ ಯಾರೂ ಟರ್ಮಿನಲ್ ಮುಟ್ಟಿದವರಲ್ಲ. ಅಕ್ಷರ ಹಸಿರಿರಬೇಕೋ ಬಿಳಿಯಿರಬೇಕೋ ಎಂಬುದರ ಮೇಲೆ ಎರಡು ದಿನ ನಕ್ಷೆಯವನೂ ಪಾಳಿ ಅಕ್ಕನೂ ಮಾತು ಬಿಟ್ಟಿದ್ದರು. ಬೇಕಾದದ್ದನ್ನು ನನ್ನ ಮೂಲಕ ಹೇಳಿ ಕಳಿಸುತ್ತಿದ್ದರು, ನಡುವೆ ಇದ್ದದ್ದು ಒಂದು ಮೇಜು. ಇಬ್ಬರೂ ಬಿಡುವಾದಾಗ ಪೆನ್‌ಡ್ರೈವ್‌ನ ಲ್ಯಾಪ್‌ಟಾಪ್ ಮುಂದೆ ಕೂತು, ಬಾಣದ ಕೀ ಒತ್ತಿ, ತಲೆ ಅಲ್ಲಾಡಿಸುವುದನ್ನು ಅಭ್ಯಾಸ ಮಾಡಿಕೊಂಡರು. ನಾನೊಮ್ಮೆ ಒಳಗೆ ಬಂದಾಗ ಮ್ಯಾನೇಜರ್ ಕೂಡ ಹಾಗೇ ಕೂತಿದ್ದರು. ನನ್ನನ್ನು ನೋಡಿ "ಹೂಂ, ಸ್ವಲ್ಪ ಕೊರತೆ ಇದೆ" ಎಂದರು.

ಶುಕ್ರವಾರ ನನ್ನನ್ನು ಕೇಳಿದರು. ಯಾವುದೂ ಆಗದು ಎನ್ನುವಂತಿರಲಿಲ್ಲ. ಮೂರನೆಯದು ಎಂದೆ.

"ಕಾರಣ ಹೇಳಿದ್ರೆ ಮೇಲಿನವರಿಗೆ ಬರೀಬಹುದು ಮೇಡಂ."

"ಇದು ಸುಮ್ಮನಿರುತ್ತೆ."

ಮ್ಯಾನೇಜರ್ ಅದನ್ನು ಹಾಗೇ ಬರೆದರು. ಎರಡೂ ಪಕ್ಷಗಳು ಸೋತದ್ದರಿಂದ ನಕ್ಷೆಯವನಿಗೂ ಪಾಳಿ ಅಕ್ಕನಿಗೂ ಮತ್ತೆ ಮಾತು ಶುರುವಾಯಿತು.

ಸೋಮವಾರ ಹೋದಾಗ ನನ್ನ ಮೇಜಿನ ಮೇಲೆ ಹೊಸ ಕಂಪ್ಯೂಟರ್ ಇತ್ತು. ಹಳೆಯದು ತಂತಿಗಳೆಲ್ಲ ಕಿತ್ತು ಗೋಡೆಯ ಪಕ್ಕ ನೆಲದ ಮೇಲೆ ಕೂತಿತ್ತು. ಅದಿದ್ದ ಜಾಗದಲ್ಲಿ ಮೇಜಿನ ಬಣ್ಣ ಬೇರೆ. ಪೆನ್‌ಡ್ರೈವ್ ವೇಳಾಪಟ್ಟಿಯ ಪ್ರೋಗ್ರಾಂ ಹಾಕಿ ಮುಗಿಸಿ, ಪ್ರಿಂಟರ್ ಜೋಡಿಸಿ, ಟೀ ಕುಡಿದು ಬರುತ್ತೇನೆಂದು ಕೆಳಗಿಳಿದಿದ್ದ. ಮ್ಯಾನೇಜರ್ ಮೊದಲ ದಿನದ ಹಾಗೆ ನನ್ನ ಬೆನ್ನ ಹಿಂದೆ ಬಂದು ನಿಂತರು. ಅವರ ಹಿಂದೆ ಪಾಳಿ ಅಕ್ಕ, ನಕ್ಷೆಯವನು.

"ಶುರುಮಾಡಿ ಮೇಡಂ. ಕೆಳಗೆ ಕಾಯ್ತಿದ್ದಾರೆ."

ಟರ್ಮಿನಲ್ ತೆರೆದೆ. ಬಿಳಿ ಗೀಟು ಮಿಟುಕಿತು. ಬಾಣದ ಕೀ ಒತ್ತಿದೆ.

ಏನೂ ಬರಲಿಲ್ಲ. ಖಾಲಿ ಇರುತ್ತದೆಂದು ಒಂದು ವಾರದಿಂದ ಗೊತ್ತಿತ್ತು. ಆದರೂ ಒತ್ತಿದೆ, ಮತ್ತೆ ಒತ್ತಿದೆ. ಹೇಳಿಬಿಡೋಣ ಎಂದುಕೊಂಡೆ. ನನಗೆ ಗೊತ್ತಿಲ್ಲ, ಯಾವತ್ತೂ ಗೊತ್ತಿರಲಿಲ್ಲ, ಇಷ್ಟು ದಿನ ಮಾಡಿದ್ದೆಲ್ಲ ಅವನೇ. ವಾಕ್ಯ ಬಾಯಿಯವರೆಗೆ ಬಂತು.

ಅಷ್ಟರಲ್ಲಿ ಕೈ ಕ್ಯಾಲ್ ಎಂದು ಟೈಪ್ ಮಾಡಿತ್ತು. ಕ್ಯಾಲೆಂಡರ್ ಬಂತು. ದಾಟಿದೆ. ಕೈ ಮುಂದಿನ ಸಾಲನ್ನೂ ಶುರುಮಾಡಿತ್ತು. ಪ್ರೋಗ್ರಾಂನ ಹೆಸರು, ಖಾಲಿ ಜಾಗ, ಎರಡು ಅಡ್ಡಗೀಟು, ಡಿಪೋ. ಇಲ್ಲಿ ಅವನು ಯಾವಾಗಲೂ ಒಂದು ಜಾಗ ಹೆಚ್ಚು ಬಿಡುತ್ತಿದ್ದ. ನಾನೂ ಬಿಟ್ಟೆ. ಆಮೇಲೆ ತಾರೀಖು. ಪ್ರತಿದಿನ ಕಣ್ಣಮುಂದೆ ಹಾದುಹೋದದ್ದು ನನಗೆ ತಿಳಿಯದೆಯೇ ಒಳಗೆ ಕೂತಿತ್ತು. ಎಂಟರ್ ಒತ್ತಿದೆ.

ಪ್ರಿಂಟರ್ ಗೊರಗುಟ್ಟಿತು. ಹೊಸದೇನಲ್ಲ, ಹಳೆಯ ಪ್ರಿಂಟರೇ.

"ಆಯ್ತಲ್ಲ" ಎಂದರು ಮ್ಯಾನೇಜರ್. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಆಶ್ಚರ್ಯಪಡುವಂಥದ್ದು ಏನೋ ನಡೆಯಿತೆಂದು ಅಲ್ಲಿ ನನ್ನೊಬ್ಬಳಿಗೆ ಗೊತ್ತಿತ್ತು.

ಬಾಗಿಲಲ್ಲಿ ಪೆನ್‌ಡ್ರೈವ್ ಟೀ ಲೋಟ ಹಿಡಿದು ನಿಂತಿದ್ದ. ಪಾಳಿ ಅಕ್ಕ ತಮ್ಮ ಮೇಜಿಗೆ ಹೋಗಿ ಕ್ಯಾಲ್ ಎಂದು ಟೈಪ್ ಮಾಡಿದ್ದನ್ನು, ನಕ್ಷೆಯವನು ತನ್ನ ಮೇಜಿಗೆ ಹೋಗಿ ಕ್ಯಾಲ್ ಎಂದು ಟೈಪ್ ಮಾಡಿದ್ದನ್ನು ನೋಡಿದ. ಗೋಡೆಯ ಮೇಲಿನ ಹಾಳೆಯನ್ನೂ ನೋಡಿದ.

"ಒಂದು ಮಾತು ಕೇಳ್ಲಾ? ಇಲ್ಲಿ ಎಲ್ಲರೂ ಮೊದಲು ಕ್ಯಾಲೆಂಡರ್ ಯಾಕೆ ತರಿಸ್ತೀರಿ?"

"ಅದಿಲ್ದೆ ನಡೆಯಲ್ವಲ್ಲ" ಎಂದರು ಪಾಳಿ ಅಕ್ಕ.

"ಯಾರು ಹೇಳಿದ್ದು?"

ಮೂವರೂ ನನ್ನ ಕಡೆ ನೋಡಿದರು.

ಪೆನ್‌ಡ್ರೈವ್ ಲೋಟವನ್ನು ನನ್ನ ಮೇಜಿನ ಮೇಲಿಟ್ಟು, ಬಗ್ಗಿ, ಕ್ಯಾಲೆಂಡರ್ ತರಿಸದೆ ನೇರವಾಗಿ ಉದ್ದನೆಯ ಸಾಲಿಗೆ ಎಂಟರ್ ಒತ್ತಿದ. ಪ್ರಿಂಟರ್ ಇನ್ನೊಂದು ವೇಳಾಪಟ್ಟಿ ತೆಗೆಯಿತು, ಮೊದಲಿನದರಂಥದ್ದೇ.

"ಇದಕ್ಕೂ ಅದಕ್ಕೂ ಸಂಬಂಧನೇ ಇಲ್ಲ" ಎಂದ. "ಕ್ಯಾಲೆಂಡರ್ ಬರೀ ನೋಡೋಕೆ. ಈ ಪದ್ಧತಿ ಶುರುಮಾಡಿದವರಿಗೆ ವಾರ ನೆನಪಿರ್ತಿರ್ಲಿಲ್ಲ ಅನ್ಸುತ್ತೆ."

ನಕ್ಷೆಯವನು ಕೆಮ್ಮಿದ. ಮ್ಯಾನೇಜರ್ ಗೋಡೆಯ ಮೇಲಿನ ಹಾಳೆಯನ್ನು ನೋಡುತ್ತಾ, ಪ್ಲಾಸ್ಟಿಕ್ ಹೊದಿಸಿದ್ದರ ಬಗ್ಗೆ ಯೋಚಿಸುತ್ತಿದ್ದಂತಿತ್ತು.

ಪ್ರತಿದಿನ ಬೆಳಿಗ್ಗೆ ಅವನು ಶೇವ್ ಮಾಡಿಕೊಳ್ಳುತ್ತಾ ಕನ್ನಡಿಯಲ್ಲಿ ನನ್ನನ್ನು ಕೇಳುತ್ತಿದ್ದ, ಇವತ್ತು ಯಾವ ವಾರ ಎಂದು. ನಾನು ಹೇಳುತ್ತಿದ್ದೆ. ಬಸ್ಸು ಇಳಿಯುವಷ್ಟರಲ್ಲಿ ಮರೆತಿರುತ್ತಿದ್ದ. ಇಲ್ಲಿ ಬಂದು ಯಂತ್ರವನ್ನು ಮತ್ತೆ ಕೇಳಿದ್ದಾನೆ. ಪ್ರತಿದಿನ ಕೇಳಿದ್ದಾನೆ. ಅದೇ ಪ್ರಶ್ನೆಯನ್ನು ನಾನು ನಿತ್ಯ ಕೈಯಾರೆ ಒತ್ತಿ, ಮುಖ ನೋಡದೆ ದಾಟಿ, ಇತರರಿಗೂ ದಾಟಲು ಕಲಿಸಿದ್ದೆ. ಬೀರುವಿನ ಬಾಗಿಲಿಗೆ ಸಿಕ್ಕಿಸಿದ ಪದಕ ನೆನಪಾಯಿತು. ಅದಕ್ಕೆ ಸರಿಯಾದ ಜಾಗವನ್ನೇ ಅತ್ತೆ ಕೊಟ್ಟಿದ್ದಾರೆ.

"ಅಂದಹಾಗೆ, ಹಳೇ ಮಷೀನ್‌ನಲ್ಲಿ ಟೈಪ್ ಮಾಡಿದ ಹಿಂದಿನ ಸಾಲುಗಳೆಲ್ಲ ನನ್ನ ಹತ್ರ ಇವೆ" ಎಂದ ಪೆನ್‌ಡ್ರೈವ್, ಕೊರಳ ಗೊಂಚಲಿನಲ್ಲಿ ಒಂದನ್ನು ಹುಡುಕುತ್ತಾ. "ಹಾಕಿಕೊಡ್ಲಾ?"

"ಹೊಸ ಟರ್ಮಿನಲ್‌ನಲ್ಲಿ ಬರುತ್ತಾ ಅವು?"

"ಯಾವುದ್ರಲ್ಲಿ ಬೇಕಾದ್ರೂ ಬರುತ್ತೆ ಮೇಡಂ. ಟರ್ಮಿನಲ್ ಅಂದ್ರೆ ಬರೀ ಕಿಟಕಿ. ಕಿಟಕಿ ಬದಲಾಯಿಸಿದ್ರೆ ಮನೆ ಸಾಮಾನು ಎಲ್ಲಿಗೆ ಹೋಗುತ್ತೆ? ಅವತ್ತು ತೋರಿಸಿದ್ದು ನನ್ನ ಲ್ಯಾಪ್‌ಟಾಪ್, ಅದಕ್ಕೇ ಖಾಲಿ ಇತ್ತು." ಏನೋ ಹೊಳೆದವನಂತೆ ನನ್ನನ್ನು ನೋಡಿದ. "ನೀವು ಬಾಣ ಒತ್ತಿ ಒತ್ತಿ ನೋಡ್ತಿದ್ದದ್ದು..."

"ಹಾಕಿಕೊಡಿ" ಎಂದೆ.

ಅವನು ಮಾತು ಮುಗಿಸಲಿಲ್ಲ. ಒಳ್ಳೆಯವನು.

ಎಲ್ಲರೂ ತಮ್ಮ ತಮ್ಮ ಮೇಜಿಗೆ ಹೋದ ಮೇಲೆ ಬಾಣದ ಕೀ ಒತ್ತಿದೆ. ಮೊದಲು ಬಂದದ್ದು ಪೆನ್‌ಡ್ರೈವ್ ಒತ್ತಿದ ಉದ್ದನೆಯ ಸಾಲು. ಅದರ ಹಿಂದೆ ನಾನು ಸ್ವಂತವಾಗಿ ಟೈಪ್ ಮಾಡಿದ ಎರಡು ಸಾಲು. ಅದರ ಹಿಂದೆ, ಅವನನ್ನು ನೋಡಿ ನಾನು ಒತ್ತುತ್ತಿದ್ದ ದಿನಗಳು. ಅದರ ಹಿಂದೆ ಅವನು. ಎಲ್ಲಿ ಅವನು ಮುಗಿದು ಎಲ್ಲಿ ನಾನು ಶುರುವಾದೆ ಎಂದು ಹುಡುಕಿದೆ. ತಾರೀಖು ನೋಡದಿದ್ದರೆ ಗೊತ್ತಾಗುವಂತಿರಲಿಲ್ಲ. ಆ ಹೆಚ್ಚಿನ ಜಾಗ ಎಲ್ಲದರಲ್ಲೂ ಇತ್ತು.

ಸಂಜೆ ಅತ್ತೆಗೆ ನಡೆದದ್ದು ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಬಟ್ಟೆ ಮಡಚುವುದನ್ನು ನಿಲ್ಲಿಸಿದರು.

"ಇಡೀ ಆಫೀಸಿಗೆ ಕಲಿಸಿದ್ಯಾ?"

"ಗೋಡೆಗೆ ಹಾಕಿದ್ದಾರೆ ಅತ್ತೆ."

ಅವರ ಭುಜ ಅಲುಗಿತು. ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ಮನೆಯಲ್ಲಿ ಅದರ ಸದ್ದು ಮರೆತುಹೋಗಿತ್ತು. "ಹಾಳಾದವನು" ಎಂದರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಹಾಳಾದವನು."

ಮರುದಿನ ಬೆಳಿಗ್ಗೆ ಗೋಡೆಯ ಮೇಲೆ ಹಾಳೆ ಹಾಗೇ ಇತ್ತು. ಕಿತ್ತರೆ ಬಣ್ಣ ಕಿತ್ತು ಬರುತ್ತದೆ ಎಂದರಂತೆ ಮ್ಯಾನೇಜರ್. ಪಾಳಿ ಅಕ್ಕ ಕೂತವರೇ ಕ್ಯಾಲ್ ಎಂದು ಟೈಪ್ ಮಾಡಿದರು.

"ಬೇಡ ಅಂದ್ರಲ್ಲ ಅಕ್ಕ" ಎಂದ ನಕ್ಷೆಯವನು.

"ಅವನಿಗೇನು ಗೊತ್ತು, ನಿನ್ನೆ ಬಂದವನು. ಇಷ್ಟು ದಿನ ಇದರಿಂದಾನೇ ನಡೆದಿರೋದು. ನೀನು ಬೇಕಾದ್ರೆ ಬಿಡು, ನನ್ನ ಡ್ರೈವರ್‌ಗಳ ಮೇಲೆ ಪ್ರಯೋಗ ಬೇಡ."

ನಕ್ಷೆಯವನು ಕುರ್ಚಿ ಎಳೆದುಕೊಂಡು, ತಾನೂ ಕ್ಯಾಲ್ ಎಂದು ಟೈಪ್ ಮಾಡಿದ.

ನಾನು ಬಾಣದ ಕೀಗೆ ಕೈ ಹಾಕಲಿಲ್ಲ. ಮೂರಕ್ಷರ ಟೈಪ್ ಮಾಡಿ ಎಂಟರ್ ಒತ್ತಿದೆ. ಕ್ಯಾಲೆಂಡರ್ ಬಂತು. ಈ ಸಲ ದಾಟಲಿಲ್ಲ. ಇವತ್ತಿನ ತಾರೀಖನ್ನು ಹುಡುಕಿ, ಅದರಿಂದ ಮೇಲಕ್ಕೆ ಕಣ್ಣು ಹಾಯಿಸಿ, ವಾರದ ಹೆಸರು ಓದಿದೆ. ಕೆಳಗೆ ಬಸ್ಸೊಂದು ಸ್ಟಾರ್ಟ್ ಆಯಿತು, ಪೆನ್ನು ನಡುಗಿತು.

"ಮಂಗಳವಾರ" ಎಂದೆ.

"ಏನಂದೆ?" ಎಂದರು ಪಾಳಿ ಅಕ್ಕ.

"ಏನಿಲ್ಲ ಅಕ್ಕ" ಎಂದು ಉದ್ದನೆಯ ಸಾಲಿಗೆ ಕೈ ಹಾಕಿದೆ.